ಕಡಲಿಗಿಳಿಯುವ ಮುನ್ನ ಬೋಟ್ ಜನರೇಟರ್‌ನ ಬ್ಯಾಟರಿ ನೋಡಿದ್ರಾ?

ಉಡುಪಿ: ಯಾಂತ್ರೀಕೃತ ಬೋಟ್‌ಗಳಿಗೆ ಜೂನ್ 1ರಿಂದ ಇರುವ 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಮಲ್ಪೆ, ಗಂಗೊಳ್ಳಿಯಲ್ಲಿ ಬಲೆ, ಎಂಜಿನ್ ರಿಪೇರಿಯ ಗಡಿಬಿಡಿಯಲ್ಲಿ ಮರೆತುಹೋಗುವುದು ಜನರೇಟರ್‌ನ ಬ್ಯಾಟರಿ. ದಕ್ಕೆಯಲ್ಲಿ ಹೇಗೋ ಸ್ಟಾರ್ಟ್ ಆದದ್ದು ರಾತ್ರಿ ನಡುಗಡಲಲ್ಲಿ ‘ಟಕ್ ಟಕ್’ ಎಂದು ನಿಂತರೆ, ಅದನ್ನೇ ನಂಬಿದ ದೀಪವೂ ಇಲ್ಲ, ಪಂಪೂ ಇಲ್ಲ.

ಹಳೆಯದು ನಡೀತದಾ?

ಎರಡು ತಿಂಗಳು ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಫುಲ್ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12 ವೋಲ್ಟ್ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ವಯರ್, ಟರ್ಮಿನಲ್ ನೋಡಿ. ಅವು ಸರಿ ಇದ್ದರೆ ಬ್ಯಾಟರಿ ಬದಲಿಸುವ ಹೊತ್ತು ಬಂತು ಎಂದೇ ಲೆಕ್ಕ.

ಇನ್ವರ್ಟರ್ ಬ್ಯಾಟರಿ ಹಾಕಬಹುದಾ?

ಬೇಡ. ಇನ್ವರ್ಟರ್ ಬ್ಯಾಟರಿ ನಿಧಾನವಾಗಿ, ಗಂಟೆಗಟ್ಟಲೆ ಕರೆಂಟ್ ಕೊಡಲಿಕ್ಕೆ ಮಾಡಿದ್ದು. ಸೆಲ್ಫ್‌ಗೆ ಬೇಕಾದದ್ದು ಕೆಲವೇ ಸೆಕೆಂಡ್ ಭಾರೀ ಕರೆಂಟ್. ಅಂಗಡಿಯಲ್ಲಿ ಎಎಚ್ ಮಾತ್ರ ಕೇಳಬೇಡಿ, ಸಿಸಿಎ ಎಷ್ಟು ಎಂದೂ ಕೇಳಿ. ಎಎಚ್ ಎಷ್ಟು ಹೊತ್ತು ಬರ್ತದೆ ಎಂಬುದರ ಅಳತೆ, ಸಿಸಿಎ ಒಮ್ಮೆಗೆ ಕೊಡುವ ತಾಕತ್ತಿನ ಅಳತೆ. ಜನರೇಟರ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ತರಬೇಡಿ. ಸೆಲ್ಫ್ 12 ವೋಲ್ಟೋ, 24 ವೋಲ್ಟೋ ಎಂದು ಮೊದಲೇ ನೋಡಿಕೊಳ್ಳಿ. 24 ಆದರೆ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಹೊಸ ಬ್ಯಾಟರಿ ಬೇಕು. ಅಲೆಗೆ ವಾಲುವ ಬೋಟ್‌ಗೆ ಆಸಿಡ್ ಚೆಲ್ಲದ ಸೀಲ್ಡ್ ಬ್ಯಾಟರಿ ಒಳ್ಳೆಯದು.

ಕೂರಿಸುವುದು ಹೇಗೆ?

• ತಳದ ನೀರು ತಾಗದ ಎತ್ತರದಲ್ಲಿ ಇಡಿ. ಉಪ್ಪುನೀರು ಬ್ಯಾಟರಿಯೊಳಗೆ ಹೋದರೆ ವಿಷಾನಿಲ ಬರುತ್ತದೆ.

• ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. ಕೈಯಲ್ಲಿ ಎಳೆದರೂ ಅಲುಗಬಾರದು.

• ಗಾಳಿ ಆಡುತ್ತಿರಲಿ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್‌ಗೆ ಒಂದು ಬೀಡಿಯ ಕಿಡಿಯೂ ಸಾಕು.

• ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪ್ಲಸ್ ಬಿಚ್ಚುವ ಸ್ಪ್ಯಾನರ್ ಎಂಜಿನ್‌ಗೆ ತಾಗಿದರೂ ಆಗ ಶಾರ್ಟ್ ಆಗುವುದಿಲ್ಲ.

• ಕೇಬಲ್ ದಪ್ಪಗಿರಲಿ, ಗಿಡ್ಡವಿರಲಿ. ಟರ್ಮಿನಲ್ ಬಿಗಿದ ಮೇಲೆ ವ್ಯಾಸಲಿನ್ ಸವರಿದರೆ ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿಯದು.

ಈ ಬ್ಯಾಟರಿಯಿಂದ ದೀಪ, ವೈರ್‌ಲೆಸ್, ಮೊಬೈಲ್ ಚಾರ್ಜರ್‌ಗೆ ಲೈನ್ ಎಳೆಯಬೇಡಿ. ಅವಕ್ಕೆ ಬೇರೆಯೇ ಬ್ಯಾಟರಿ ಇರಲಿ. ರಾತ್ರಿಯಿಡೀ ದೀಪ ಉರಿದು ಅದು ಇಳಿದರೂ ಜನರೇಟರ್ ಸ್ಟಾರ್ಟ್ ಆಗ್ತದೆ.

ಕೊನೆಗೆ, ಜನರೇಟರ್ ಓಡುತ್ತಿರುವಾಗ ಮೀಟರ್ ಹಿಡಿಯಿರಿ. 12 ವೋಲ್ಟ್ ಬ್ಯಾಟರಿಯಲ್ಲಿ 13.8ರಿಂದ 14.4ರ ಒಳಗೆ ಇದ್ದರೆ ಚಾರ್ಜಿಂಗ್ ಸರಿ ಉಂಟು. ಏರದೆ 12.6ರಲ್ಲೇ ನಿಂತರೆ ಹೊಸ ಬ್ಯಾಟರಿಯೂ ಕೆಲವೇ ದಿನಕ್ಕೆ ಇಳಿಯುತ್ತದೆ. ಅದನ್ನು ದಕ್ಕೆಯಲ್ಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ ಹೊರಡಿ.