ಬಿಲ್ಲಿನ ಬೆಲೆ ಎಷ್ಟು, ಆಯಸ್ಸು ಎಷ್ಟು?

“ಜಿಂಕೆ ಹೊಡೆದ್ರೆ ಜೈಲಿಗೆ ಹಾಕ್ತಾರೆ ಕಣೋ, ತಲೆ ಕೆಟ್ಟಿದ್ಯಾ ನಿಂಗೆ?”

ವಿಡಿಯೋ ಕಾಲ್‌ನಲ್ಲಿ ಬಿಲ್ಲು ತೋರಿಸಿದ ಕೂಡಲೇ ಅಮ್ಮ ಕೇಳಿದ್ದು ಇದು. ತೀರ್ಥಹಳ್ಳಿಯಲ್ಲಿ ಕೂತು ನೋಡಿದರೆ ಅವಳ ಮಾತು ನೂರಕ್ಕೆ ನೂರು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನೋದು ಅಜ್ಜಂದಿರ ಕತೆಗಳಲ್ಲಿ ಮಾತ್ರ ಇರಬೇಕಾದ ವಿಷಯ. ಆದರೆ ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಇಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ, ಎಷ್ಟು ಹೊಡೆಯಬಹುದು ಅಂತ ಲೆಕ್ಕವೂ ಇಡುತ್ತದೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗಿ ಜನವರಿ ಮೊದಲ ದಿನಗಳವರೆಗೂ ನಡೆಯುತ್ತೆ. 1973ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರು ಸುರಕ್ಷತಾ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತರಬೇಕು. ಹದಿಮೂರು ವರ್ಷದ ಮಕ್ಕಳ ಪಕ್ಕ ಕೂತು ನಾನೂ ಪರೀಕ್ಷೆ ಬರೆದೆ. ಪಾಸಾದೆ, ಗಾಬರಿ ಬೇಡ.

ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಕೇಳಿದ ಎರಡನೇ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: “ಎಷ್ಟು ಕೊಟ್ಟೆ?”

ನಿಜ ಹೇಳಬೇಕೆಂದರೆ ನಾನು ಎರಡು ಸಲ ಕೊಟ್ಟೆ. ಮೊದಲ ಸಲ ಕೊಟ್ಟ 250 ಡಾಲರ್ ನೀರಿಗೆ ಹೋಯಿತು. ಆ ತಪ್ಪಿಗೆ ಒಂಥರಾ ನಮ್ಮ ಅಜ್ಜನೇ ಕಾರಣ.

ಅಡಿಕೆ ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲು ಅಜ್ಜನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಒಂದು ಕೋವಿ ಇತ್ತು. ನಾನು ಹುಟ್ಟುವ ಮೊದಲಿನಿಂದ ಇದ್ದದ್ದು, ನಾನು ಇಂಜಿನಿಯರಿಂಗ್ ಮುಗಿಸಿದಾಗಲೂ ಇತ್ತು. ಅಜ್ಜ ವರ್ಷಕ್ಕೆ ನಾಲ್ಕು ಸಲ ನಳಿಗೆಗೆ ಎಣ್ಣೆ ಹಾಕಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಅಟ್ಟದ ಪಕ್ಕದ ಗೂಟಕ್ಕೆ ನೇತು ಹಾಕುತ್ತಿದ್ದರು. ಅಷ್ಟೇ ಸರ್ವೀಸು. ಹಾಗಾಗಿ ಆಯುಧ ಅಂದರೆ ಹಳೇದಾದರೂ ಏನೂ ಆಗಲ್ಲ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆನ್‌ಲೈನ್‌ನಲ್ಲಿ ಯಾರೋ ಹತ್ತು ವರ್ಷ ಹಳೆಯ ಕಾಂಪೌಂಡ್ ಬಿಲ್ಲನ್ನು ಸೈಟ್, ಬತ್ತಳಿಕೆ ಸಮೇತ 250ಕ್ಕೆ ಮಾರುತ್ತಿದ್ದಾರೆ ಅಂದಾಗ ಎರಡನೇ ಯೋಚನೆ ಮಾಡದೆ ತಂದೆ. ಹೊಸದರಲ್ಲಿ ಅದರ ಬೆಲೆ ಸಾವಿರದ ಹತ್ತಿರ ಇತ್ತಂತೆ. ಲಾಭವೋ ಲಾಭ!

ಮೂರು ತಿಂಗಳು ರೇಂಜ್‌ನಲ್ಲಿ ಅಭ್ಯಾಸ ಮಾಡಿದೆ. ಆಮೇಲೆ ಹೆದೆಯ ಮಧ್ಯೆ ಕಣ್ಣಿಟ್ಟು ನೋಡುವ ಪುಟ್ಟ ಬಳೆ ಇರುತ್ತಲ್ಲ, ಪೀಪ್ ಸೈಟ್, ಅದು ಪ್ರತಿ ಸಲ ಎಳೆದಾಗಲೂ ಬೇರೆ ಬೇರೆ ಕಡೆ ತಿರುಗಲು ಶುರುವಾಯಿತು. ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಹಿರಿಯರು ಏನೂ ಮಾತಾಡದೆ ಡ್ರಾಯರ್‌ನಿಂದ ಒಂದು ಹತ್ತಿಯುಂಡೆ ತೆಗೆದು ಬಿಲ್ಲಿನ ಲಿಂಬ್ ಉದ್ದಕ್ಕೂ ಮೆಲ್ಲಗೆ ಸವರಿದರು. ಕೆಳಗಿನ ಲಿಂಬಿನ ತುದಿ ಹತ್ತಿರ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಸೀಳು.

“ಇನ್ನು ಇದನ್ನ ಎಳೀಬೇಡ,” ಅಂದರು. “ಅಂಗಳದಲ್ಲಿ ಮುರಿದರೆ ನಿನ್ನ ಮುಖಕ್ಕೆ ಪೆಟ್ಟು. ಜಿಂಕೆ ಎದುರಿಗಿದ್ದಾಗ ಕೈಕೊಟ್ಟರೆ, ಎದೆಗೆ ಹೋಗಬೇಕಾದ ಬಾಣ ಹೊಟ್ಟೆಗೆ ಹೋಗುತ್ತೆ. ಅದು ಗಂಟೆಗಟ್ಟಲೆ ನರಳಿ ಸಾಯುತ್ತೆ.”

ಫೋನ್ ಕೆಟ್ಟರೆ ನಮಗೆ ತೊಂದರೆ, ಲ್ಯಾಪ್‌ಟಾಪ್ ಕೆಟ್ಟರೆ ಆಫೀಸಿಗೆ ತೊಂದರೆ. ಇಲ್ಲಿ ನನ್ನ ಉಳಿತಾಯದ ಬೆಲೆಯನ್ನು ಏನೂ ತಪ್ಪು ಮಾಡದ ಒಂದು ಪ್ರಾಣಿ ತೆರಬೇಕಾಗಿತ್ತು. ಬೆಲೆ, ಬಾಳಿಕೆ ಬಗ್ಗೆ ನಾನು ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದು ಅವತ್ತು.

ಗೋಡೆಗೆ ನೇತು ಹಾಕಿದರೂ ದುಡಿಯುವ ವಸ್ತು

ಕಾಂಪೌಂಡ್ ಬಿಲ್ಲು ನೀವು ಟಿವಿಯಲ್ಲಿ ನೋಡಿರುತ್ತೀರಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದದ್ದು ಇದರಲ್ಲೇ. ಎರಡು ತುದಿಗೂ ಗಾಲಿಯಂಥ ಕ್ಯಾಮ್‌ಗಳು, ಅವನ್ನು ಸುತ್ತಿದ ಹೆದೆ, ಕೇಬಲ್‌ಗಳು. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಆಲನ್ ಎಂಬವರು ಕಂಡುಹಿಡಿದು 1969ರಲ್ಲಿ ಪೇಟೆಂಟ್ ಪಡೆದದ್ದು. ಕ್ಯಾಮ್‌ನ ಆಕಾರದಲ್ಲೇ ಜಾದೂ ಇರೋದು. ನನ್ನ ಬಿಲ್ಲು 60 ಪೌಂಡಿನದು, ಅಂದರೆ ಸುಮಾರು 27 ಕೆಜಿ. ಎಳೆಯುವಾಗ ಅಷ್ಟೂ ಭಾರ ಭುಜಕ್ಕೆ ಗೊತ್ತಾಗುತ್ತೆ. ಆದರೆ ಪೂರ್ತಿ ಎಳೆದ ಮೇಲೆ ಕ್ಯಾಮ್ ತಿರುಗಿ ಆ ಭಾರದಲ್ಲಿ ಶೇ. 80ರಷ್ಟನ್ನು ತಾನೇ ಹೊತ್ತುಕೊಳ್ಳುತ್ತೆ. ಕೈಯಲ್ಲಿ ಉಳಿಯುವುದು ಐದೂವರೆ ಕೆಜಿ. ಅದನ್ನು ಹಿಡಿದುಕೊಂಡು ಜಿಂಕೆ ಸರಿಯಾಗಿ ತಿರುಗುವವರೆಗೂ ಕಾಯಬಹುದು.

ಆದರೆ ಇದಕ್ಕೊಂದು ಬೆಲೆ ಇದೆ. ಹಳೇ ಕಾಲದ ಮರದ ಬಿಲ್ಲಿನ ಹೆದೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು, ಬಿಲ್ಲು ಸುಧಾರಿಸಿಕೊಳ್ಳುತ್ತಿತ್ತು. ಕಾಂಪೌಂಡ್ ಬಿಲ್ಲಿಗೆ ಆ ರಜೆ ಇಲ್ಲ. ಹೆದೆ ಬಿಚ್ಚಲು ಪ್ರೆಸ್ ಎಂಬ ಯಂತ್ರವೇ ಬೇಕು. ಹಾಗಾಗಿ ಕಪಾಟಿನಲ್ಲಿದ್ದರೂ, ಗೋಡೆಗೆ ನೇತು ಹಾಕಿದ್ದರೂ ಅದರ ಲಿಂಬ್‌ಗಳು ಬಾಗಿಕೊಂಡೇ ಇರುತ್ತವೆ, ಹೆದೆ ಬಿಗಿದುಕೊಂಡೇ ಇರುತ್ತದೆ. ನಮ್ಮ ಪ್ರೊಡಕ್ಷನ್ ಸರ್ವರ್ ಥರ, ಯಾರೂ ಬಳಸದಿದ್ದರೂ ಲೋಡ್ ಇದ್ದೇ ಇರುತ್ತೆ. ಅಜ್ಜನ ಕೋವಿಗೂ ಇದಕ್ಕೂ ಹೋಲಿಕೆಯೇ ಇಲ್ಲ ಅನ್ನೋದು ನನಗೆ 250 ಡಾಲರ್ ಕಳೆದ ಮೇಲೆ ಹೊಳೆಯಿತು.

ಹಾಗಾದರೆ ಮೊದಲು ಕೆಡುವುದು ಯಾವುದು? ಬಿಲ್ಲಿನ ಮಧ್ಯದ ಅಲ್ಯೂಮಿನಿಯಂ ಹಿಡಿಕೆ ಅಷ್ಟು ಸುಲಭಕ್ಕೆ ಏನೂ ಆಗಲ್ಲ. ಹೆದೆ ಮತ್ತು ಕೇಬಲ್ ಎರಡು ಮೂರು ವರ್ಷಕ್ಕೆ ಬದಲಾಗಲೇಬೇಕು. ಅಂಗಡಿಯ ಕೂಲಿ ಸೇರಿ ನನಗೆ ಹೇಳಿದ್ದು 140 ಡಾಲರ್. ಲಿಂಬ್ ಫೈಬರ್‌ಗ್ಲಾಸಿನದು, ಸರಿಯಾಗಿ ನೋಡಿಕೊಂಡರೆ ತುಂಬಾ ವರ್ಷ ಬರುತ್ತೆ. ಅದನ್ನು ಕೊಲ್ಲುವುದು ಬಹುತೇಕ ನಾವೇ. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ, ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ವಾಪಸ್ ಲಿಂಬಿಗೇ ಬಡಿಯುತ್ತೆ. ಪಾರ್ಟಿಗೆ ಬಂದ ಗೆಳೆಯ “ಒಂದ್ಸಲ ಕೊಡು ಮಗಾ” ಅಂತ ಇಸ್ಕೊಂಡು ಎಳೆದು ಬಿಡುವುದು ಇದೇ. ತೀರಾ ಹಗುರವಾದ ಬಾಣ ಹಾಕುವುದೂ ಅರ್ಧ ಇದೇ ಪಾಪ. ತಯಾರಕರು ಸಾಮಾನ್ಯವಾಗಿ ಹೇಳುವ ಕನಿಷ್ಠ ಲೆಕ್ಕ ಬಿಲ್ಲಿನ ಪ್ರತಿ ಪೌಂಡಿಗೆ 5 ಗ್ರೇನ್ ಬಾಣ. ನನ್ನ 60 ಪೌಂಡಿಗೆ 300 ಗ್ರೇನ್ ಸಾಕು, ಆದರೂ ನಾನು 420 ಗ್ರೇನಿನದು, ಅಂದರೆ ಸುಮಾರು 27 ಗ್ರಾಂ ತೂಕದ್ದು, ಬಳಸುತ್ತೇನೆ. ಇನ್ನೊಂದು ಶತ್ರು ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು. ಹೆದೆ ಹಿಗ್ಗುತ್ತೆ, ಲಿಂಬಿನ ಪದರಗಳು ಬಿಟ್ಟುಕೊಳ್ಳಬಹುದು.

ಇದರಲ್ಲಿ ಒಂದೂ ಬಿಲ್ಲಿನ ಬೆಲೆಗೆ ಸಂಬಂಧಪಟ್ಟದ್ದಲ್ಲ ಅನ್ನೋದನ್ನು ಗಮನಿಸಿ. 450 ಡಾಲರಿನ ಬಿಲ್ಲಿಗೂ 1,300 ಡಾಲರಿನ ಬಿಲ್ಲಿಗೂ ಹೆದೆ ಸವೆಯುತ್ತೆ. ಎರಡನ್ನೂ ಬಾಣವಿಲ್ಲದೆ ಬಿಟ್ಟರೆ ಎರಡೂ ಸೀಳಬಹುದು.

ಆ ಹೆಚ್ಚಿನ ಎಂಟುನೂರು ಯಾಕೆ?

ವಿಸ್ಕಾನ್ಸಿನ್‌ನಲ್ಲಿ ಈ ಪ್ರಶ್ನೆ ಕೇಳುವುದೇ ಸ್ವಲ್ಪ ಅಪಾಯ. ದೇಶದ ಹೆಸರಾಂತ ಬಿಲ್ಲಿನ ಕಂಪನಿಗಳಲ್ಲಿ ಒಂದಾದ ಮ್ಯಾಥ್ಯೂಸ್ ಇಲ್ಲಿಂದ ಎರಡು ಗಂಟೆ ದಾರಿಯ ಸ್ಪಾರ್ಟಾ ಎಂಬ ಊರಿನಲ್ಲೇ ಇದೆ. ನನ್ನ ಟೀಮಿನ ಇಬ್ಬರು ಅದನ್ನು ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ಊರಿನ ಅಭಿಮಾನ!

ಅಂಗಡಿಯಲ್ಲಿ ಎರಡನ್ನೂ ಎಳೆದು ನೋಡಿದೆ. ವ್ಯತ್ಯಾಸ ಇಲ್ಲ ಅಂದರೆ ಸುಳ್ಳಾಗುತ್ತೆ. ದುಬಾರಿಯದು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬಂತು. ಬಾಣ ಬಿಟ್ಟ ಮೇಲೆ ಕೈಗೆ ಅದುರುವಿಕೆಯೇ ಗೊತ್ತಾಗಲಿಲ್ಲ, ಸದ್ದು ಕಡಿಮೆ. ಬ್ರೋಷರಿನಲ್ಲಿ ವೇಗ ಸೆಕೆಂಡಿಗೆ 340 ಅಡಿ ಅಂತ ದೊಡ್ಡಕ್ಷರದಲ್ಲಿ ಹಾಕಿದ್ದರು. ಆದರೆ ಆ ಅಳತೆ 70 ಪೌಂಡ್, 30 ಇಂಚು ಎಳೆತ, 350 ಗ್ರೇನ್ ಬಾಣಕ್ಕೆ. ನನ್ನ ಎಳೆತ 28 ಇಂಚು. (ಎರಡೂ ಕೈ ಚಾಚಿ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ನಿಮ್ಮದೂ ಹೆಚ್ಚುಕಡಿಮೆ ಸಿಗುತ್ತೆ.) ನನ್ನ ಕೈಯಲ್ಲಿ, ನನ್ನ ಬಾಣದಲ್ಲಿ ಅಳೆದಾಗ ಬಂದದ್ದು 270ರ ಆಸುಪಾಸು. ಅಗ್ಗದ ಬಿಲ್ಲು 250 ಕೊಟ್ಟಿತು.

ಇಂಜಿನಿಯರ್ ಅಲ್ವಾ, ಅಲ್ಲೇ ಲೆಕ್ಕ ಹಾಕಿದೆ. ನಾನು ಬಾಣ ಬಿಡುವುದು 20 ಗಜದಿಂದ, ಅಂದರೆ 60 ಅಡಿ. ಎರಡು ಬಿಲ್ಲಿಗೂ ಇರುವ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಎರಡು ಭಾಗ. ಬಾಣ ತಲುಪಲು ಕಾಲು ಸೆಕೆಂಡಿನಷ್ಟು ಬೇಕು, ಸದ್ದಿಗೆ ಅದರ ಕಾಲುಭಾಗ ಸಾಕು. ಅಂದರೆ ಎಷ್ಟೇ ದುಡ್ಡು ಕೊಟ್ಟರೂ ಬಾಣಕ್ಕಿಂತ ಮೊದಲು ಸದ್ದೇ ಜಿಂಕೆಯ ಕಿವಿಗೆ ಬೀಳೋದು. ಬೆಚ್ಚಿಬಿದ್ದ ಜಿಂಕೆ ಅಷ್ಟರಲ್ಲೇ ಮೈ ತಗ್ಗಿಸಿಬಿಡಬಹುದು. ಹಾಗಾಗಿ ವೇಗಕ್ಕೆ ಕೊಡುವ ದುಡ್ಡು ನನಗೆ ದಂಡ ಅನ್ನಿಸಿತು. ಸದ್ದು ಕಡಿಮೆ ಇರೋದಕ್ಕೆ ಸ್ವಲ್ಪ ಕೊಡಬಹುದು.

ಬಾಳಿಕೆಯ ದೃಷ್ಟಿಯಿಂದ ದುಡ್ಡು ಕೊಡಬೇಕಾದದ್ದು ವಾರಂಟಿಗೆ. ದೊಡ್ಡ ಕಂಪನಿಗಳು ಬಹುತೇಕ ಬಿಲ್ಲಿಗೆ ಆಯುಷ್ಯಪೂರ್ತಿ ವಾರಂಟಿ ಕೊಡುತ್ತವೆ, ಆದರೆ ಮೊದಲು ಕೊಂಡವರಿಗೆ ಮಾತ್ರ. ಕೈ ಬದಲಾದರೆ ಸಾಮಾನ್ಯವಾಗಿ ಕತೆ ಮುಗೀತು. ಹೆದೆ, ಕೇಬಲ್ ಅದರಲ್ಲಿ ಸೇರೋದಿಲ್ಲ. ನನ್ನ ಸೆಕೆಂಡ್ ಹ್ಯಾಂಡ್ ಬಿಲ್ಲಿಗೆ ಇದ್ಯಾವುದೂ ಸಿಗಲಿಲ್ಲ. ಹೊಸ ಲಿಂಬ್ 200, ಹೊಸ ಹೆದೆ 140 ಹಾಕಿದ್ದರೆ 250ರ ಬಿಲ್ಲು 590 ಆಗುತ್ತಿತ್ತು, ವಾರಂಟಿ ಮಾತ್ರ ಸೊನ್ನೆ.

ಮನೆಗೆ ಬಂದು ಎಂಟು ವರ್ಷದ ಎಕ್ಸೆಲ್ ಶೀಟ್ ಮಾಡಿದೆ. ಟಾಪ್ ಮಾಡೆಲ್ 1,300. ಅದು ಬರೀ ಬಿಲ್ಲಿಗೆ! ಸೈಟ್, ಬಾಣ ಕೂರಿಸುವ ರೆಸ್ಟ್, ಬತ್ತಳಿಕೆ, ಹೆದೆ ಬಿಡುವ ರಿಲೀಸ್ ಎಲ್ಲ ಸೇರಿ ಇನ್ನೊಂದು 450. ಮೂರು ಸಲ ಹೆದೆ ಬದಲಾವಣೆಗೆ 420. ಒಟ್ಟು 2,170, ಅಂದರೆ ವರ್ಷಕ್ಕೆ 270ರ ಮೇಲೆ. ಎಲ್ಲ ಸೇರಿಯೇ ಬರುವ 450ರ ಪ್ಯಾಕೇಜ್ ಬಿಲ್ಲಿಗೆ ರಿಲೀಸ್ 60, ಹೆದೆಗೆ ಅದೇ 420. ವರ್ಷಕ್ಕೆ 116. ನನ್ನ ಹೆಂಡತಿ ಶೀಟ್ ನೋಡಿ, “ಕ್ಯಾಮೆರಾ ತಗೊಳ್ಳುವಾಗಲೂ ಹೀಗೇ ಶೀಟ್ ಮಾಡಿದ್ದೆ, ಅದು ಕಪಾಟಿನಲ್ಲಿ ಮಲಗಿದೆ” ಅಂದಳು. ಉತ್ತರ ಇರಲಿಲ್ಲ.

ಕೊನೆಗೆ ನಾನು ತಗೊಂಡದ್ದು ಎರಡೂ ಅಲ್ಲ. ಅಂಗಡಿಯಲ್ಲಿ ಹಿಂದಿನ ವರ್ಷದ ಮಧ್ಯಮ ದರ್ಜೆಯ ಮಾಡೆಲ್ ಒಂದು ಮಾರಾಟವಾಗದೆ ಉಳಿದಿತ್ತು. ಯಾರೂ ಬಳಸಿಲ್ಲ, ಹೊಸದೇ, ವಾರಂಟಿ ನನ್ನ ಹೆಸರಿಗೆ. 800ರದ್ದು 600ಕ್ಕೆ ಬಂತು, ಹಳೇ ಬಿಲ್ಲಿನ ಸೈಟ್, ಬತ್ತಳಿಕೆ ಇದಕ್ಕೇ ಕೂತವು. ಪ್ರತಿ ವರ್ಷ ಹೊಸ ಮಾಡೆಲ್ ಬಂದ ಕೂಡಲೇ ಹಿಂದಿನದು ಹಳತಾಗುವುದು ಜಾಹೀರಾತಿನಲ್ಲಿ ಮಾತ್ರ. ಉಳಿದ ದುಡ್ಡಿನಲ್ಲಿ ಒಳ್ಳೆಯ ಬಾಣ, ಹರಿತವಾದ ಅಲಗು ತಗೊಂಡೆ. ಅದರಲ್ಲಿ ಚೌಕಾಸಿ ಮಾಡಬಾರದು ಅಂತ ಹತ್ತಿಯುಂಡೆಯ ಹಿರಿಯರು ಹೇಳಿದ್ದರು. ಜಿಂಕೆಗೆ ತಾಗುವುದು ಬಿಲ್ಲಲ್ಲವಲ್ಲ.

ಅಂದಹಾಗೆ, ಆ ಬೆಲೆಯೊಳಗೆ ಬಿಲ್ಲು ತಯಾರಕರು ಕಟ್ಟುವ ಶೇ. 11ರ ಒಂದು ತೆರಿಗೆಯೂ ಇದೆ. 1937ರಲ್ಲಿ ಬಂದೂಕುಗಳಿಗೆ ಶುರುವಾಗಿ 1970ರ ದಶಕದಲ್ಲಿ ಬಿಲ್ಲಿಗೂ ಬಂದ ಈ ಹಣ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತೆ. ಅಮ್ಮನಿಗೆ ಇದನ್ನು ಹೇಳಿದಾಗ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ನವೆಂಬರ್ ಮೊದಲ ವಾರ, ಬೆಳಗಿನ ಏಳು ಗಂಟೆ. ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂತಿದ್ದೆ, ಕೈಬೆರಳು ಮರಗಟ್ಟಿದ್ದವು. ಹೆಣ್ಣು ಜಿಂಕೆಯೊಂದು 18 ಗಜಕ್ಕೆ ಬಂತು. ಎಳೆದೆ. ಪೀಪ್ ಸೈಟ್ ಸರಿಯಾಗಿ ಕಣ್ಣೆದುರಿಗೇ ಬಂದು ನಿಂತಿತು. ಜಿಂಕೆ ಎರಡು ಹೆಜ್ಜೆ ಮುಂದಿಟ್ಟು ಓಕ್ ಕೊಂಬೆಯ ಹಿಂದೆ ನಿಂತಿತು, ಅದರ ಎದೆ ಎಲೆಗಳ ಮರೆಗೆ ಹೋಯಿತು. ಹೆದೆ ಹಿಡಿದುಕೊಂಡೇ ಕಾದೆ. ಮುಕ್ಕಾಲು ನಿಮಿಷ ಆಗಿರಬಹುದು. ಅದು ತಿರುಗಲಿಲ್ಲ, ನನ್ನ ಭುಜ ನಡುಗಲು ಶುರುವಾಯಿತು. ಬಾಣ ಬಿಡದೆ ಹೆದೆಯನ್ನು ಮೆಲ್ಲಗೆ ವಾಪಸ್ ಇಳಿಸಿದೆ. ಒಂದು ಕಿರ್ ಅನ್ನುವ ಸದ್ದೂ ಬರಲಿಲ್ಲ. ಜಿಂಕೆ ಇನ್ನೂ ಹತ್ತು ನಿಮಿಷ ಅಲ್ಲೇ ಓಕ್ ಕಾಯಿ ಮೇಯ್ದು ಹೋಯಿತು.

ಆ ಸೀಸನ್ ಖಾಲಿ ಕೈ. “ಆರುನೂರು ಡಾಲರಿಗೆ ಎಷ್ಟು ಕೆಜಿ ಮಟನ್ ಬರ್ತಿತ್ತು ಗೊತ್ತಾ?” ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಹೆದೆ ಬದಲಿಸಲು ಬರುವ ಜುಲೈಗೆ 140 ಡಾಲರ್ ಎತ್ತಿಟ್ಟಿದ್ದೇನೆ. ಅಲ್ಲಿವರೆಗೆ ಎರಡು ವಾರಕ್ಕೊಮ್ಮೆ ಮೇಣ ಹಚ್ಚುವುದು, ತಿಂಗಳಿಗೊಮ್ಮೆ ಹತ್ತಿಯುಂಡೆ ಸವರುವುದು. ಹೋದ ಭಾನುವಾರ ಆ ಕೆಲಸದಲ್ಲಿದ್ದಾಗಲೇ ಅಮ್ಮನ ಕಾಲ್ ಬಂತು. ಸ್ವಲ್ಪ ಹೊತ್ತು ನೋಡುತ್ತಾ ಇದ್ದು ಕೇಳಿದಳು: “ಕೊಬ್ಬರಿ ಎಣ್ಣೆ ಹಚ್ಚಿದ್ರೆ ಆಗಲ್ವೇನೋ?”