ಸೀತಾಳೆ ದಂಡೆ: ಕಾಡಿನ ಹೂವು ಮನೆಯ ನೆರಳಿನಲ್ಲಿ

ಮಲೆನಾಡಿನಲ್ಲಿ ಬೇಸಗೆಯ ಉರಿ ಇಳಿದು, ಒಂದೆರಡು ಗುಡುಗು ಮಳೆ ಬಿದ್ದು, ಮುಂಗಾರು ಇನ್ನೂ ಹಿಡಿಯದಿರುವ ದಿನಗಳಲ್ಲಿ ಹೊಸನಗರದಿಂದ ನಗರದ ಕಡೆಗೋ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೋ ಹೋಗುವವರು ದಾರಿಬದಿಯ ಹಳೆಯ ಮರಗಳನ್ನು ತಲೆಯೆತ್ತಿ ನೋಡಬೇಕು. ಪಾಚಿ ಹಿಡಿದ ಕೊಂಬೆಗಳಿಂದ ನಸುಗೆಂಪು ಚುಕ್ಕೆಗಳುಳ್ಳ ಬಿಳಿಯ ಹೂಗೊಂಚಲುಗಳು ಜೋತುಬಿದ್ದಿರುತ್ತವೆ. ಒಂದೊಂದು ಗೊಂಚಲೂ ಸುಮಾರು ಒಂದು ಮೊಳದಷ್ಟು ಉದ್ದ. ಅದರಲ್ಲಿ ನೂರಕ್ಕೂ ಮಿಕ್ಕಿದ ಪುಟ್ಟ ಹೂಗಳು ಒತ್ತೊತ್ತಾಗಿ ಕಟ್ಟಿದಂತೆ ಇರುತ್ತವೆ. ನಮ್ಮ ಹೆಣ್ಣುಮಕ್ಕಳು ಇದನ್ನು ಬೇರೆ ಕಟ್ಟುವ ಗೋಜಿಲ್ಲದೆ ಹಾಗೆಯೇ ಮುಡಿಯುತ್ತಾರೆ. ಸೀತಾಳೆ ದಂಡೆ, ಸೀತೆ ದಂಡೆ ಎಂಬ ಹೆಸರುಗಳು ಇದಕ್ಕೆ ಒಪ್ಪುವುದು ಅದರಿಂದಲೇ. ದೂರದ ಅಸ್ಸಾಮಿನಲ್ಲಿಯೂ ಇದೇ ಹೂವನ್ನು 'ಕಪೌ ಫೂಲ್' ಎಂದು ಕರೆದು ಬಿಹು ಹಬ್ಬದ ನೃತ್ಯದಲ್ಲಿ ತುರುಬಿಗೆ ಮುಡಿಯುವರು. ಅಲ್ಲಿ ಅದು ರಾಜ್ಯಪುಷ್ಪದ ಗೌರವವನ್ನು ಪಡೆದಿದೆ. ನಮ್ಮಲ್ಲಿ ಅದು ಸೌದೆಯ ಜೊತೆಗೆ ಒಲೆಯನ್ನು ಸೇರುವುದೇ ಹೆಚ್ಚು.

ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎನ್ನುತ್ತಾರೆ. ಇದು ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಇದರ ವಿದ್ವತ್ ಚರಿತ್ರೆಯ ಮೂಲವು ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಇರುವುದು ಗಮನಾರ್ಹ. ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೊರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಇದು 'ಅಂಜಿಲಿ ಮರವಾರ' ಎಂಬ ಹೆಸರಿನಿಂದ ಚಿತ್ರಿತವಾಗಿದೆ. ಅಂಜಿಲಿಯೆಂದರೆ ನಮ್ಮ ಹೆಬ್ಬಲಸು. ಲಿನೇಯಸ್ 1753ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು.

ಈ ಗಿಡದ ಬಗ್ಗೆ ನಮ್ಮ ಕೃಷಿಕರಲ್ಲಿ ಒಂದು ತಪ್ಪು ತಿಳುವಳಿಕೆ ಬಲವಾಗಿ ಬೇರೂರಿದೆ. ಮಾವಿನ ಮರದ ಬಂದಳಿಕೆಯಂತೆ ಇದೂ ಮರದ ಸತ್ವವನ್ನು ಹೀರುವುದೆಂದು ಭಾವಿಸಿ ಕತ್ತಿಯಿಂದ ಸವರಿ ಹಾಕುವವರು ಅನೇಕರು. ಬಂದಳಿಕೆಯು ತನ್ನ ಬೇರನ್ನು ಕೊಂಬೆಯೊಳಗೆ ತೂರಿಸಿ ಅಲ್ಲಿನ ರಸವನ್ನು ಕುಡಿಯುವುದು ನಿಜ. ಸೀತಾಳೆಯಾದರೋ ಮರದಿಂದ ಸ್ಥಳವನ್ನು ಮಾತ್ರ ಪಡೆಯುತ್ತದೆ. ಅದರ ಬೇರು ತೊಗಟೆಯ ಮೇಲೆ ಹರಡುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಆ ದಪ್ಪನೆಯ ಬೇರಿನ ಸುತ್ತ ಸ್ಪಂಜಿನಂತಹ ಒಂದು ಹೊದಿಕೆಯುಂಟು. ಒಣಗಿದಾಗ ಅದು ಬೆಳ್ಳಿಯಂತೆ ಬೆಳ್ಳಗಿರುತ್ತದೆ. ಮಳೆಹನಿ ತಾಗಿದೊಡನೆ ನೀರನ್ನು ಹೀರಿ ಹಸಿರಾಗುತ್ತದೆ. ಮಳೆಯ ನೀರು, ತೊಗಟೆಯಲ್ಲಿ ಕೊಳೆತ ಎಲೆಯ ಪುಡಿ, ಹಕ್ಕಿಯ ಹಿಕ್ಕೆ ಇಷ್ಟೇ ಅದರ ಆಹಾರ.

ಬೇರಿನ ಈ ಗುಣವನ್ನು ಅರಿಯದೆ ಈ ಲೇಖಕನು ಒಮ್ಮೆ ಪಾಪ ಕಟ್ಟಿಕೊಂಡದ್ದುಂಟು. ಗಾಳಿಗೆ ಮುರಿದುಬಿದ್ದ ಕೊಂಬೆಯಿಂದ ಬಿಡಿಸಿ ತಂದ ಗಿಡವನ್ನು, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡದಲ್ಲಿ ಭಕ್ತಿಯಿಂದ ನೆಟ್ಟೆನು. ಆಷಾಢ ಕಳೆಯುವಷ್ಟರಲ್ಲಿ ಬುಡವು ಕೊಳೆತು ಎಲೆಗಳು ಕೈಗೆ ಬಂದವು. ಗಾಳಿಯಾಡದ ಒದ್ದೆ ಮಣ್ಣು ಈ ಬೇರಿಗೆ ಮೃತ್ಯು. ಎರಡನೆಯ ಗಿಡವನ್ನು ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿದೆ. ಅದು ಈಗಲೂ ಇದೆ.

ಆದುದರಿಂದ ಮೊದಲು ಮರದ ಆಯ್ಕೆ. ತೊಗಟೆಯು ಒರಟಾಗಿದ್ದು, ಸುಲಿದು ಬೀಳದಂತಿರಬೇಕು. ಹಲಸು, ಹೆಬ್ಬಲಸು, ಮಾವು, ಮತ್ತಿ ಇವು ಉತ್ತಮ. ಪೇರಳೆ, ನಂದಿ, ನೀಲಗಿರಿಗಳು ವರ್ಷವರ್ಷವೂ ಸಿಪ್ಪೆ ಕಳಚುವುದರಿಂದ ಗಿಡವೂ ಅದರೊಡನೆ ಕಳಚಿ ಬೀಳುತ್ತದೆ. ಅಡಿಕೆ ಮರದ ನೆರಳು ಹಿತವಾದುದೇ. ಆದರೆ ಕೊಳೆ ರೋಗಕ್ಕೆಂದು ಸಿಂಪಡಿಸುವ ಬೋರ್ಡೋ ದ್ರಾವಣವು ಕಾಂಡದಗುಂಟ ಇಳಿದು ಬರುತ್ತದೆ. ಅದರ ತಾಮ್ರ ಈ ಬೇರುಗಳಿಗೆ ಒಳಿತಲ್ಲ. ಆದಕಾರಣ ತೋಟದ ಅಂಚಿನ ಬೇರೆ ಜಾತಿಯ ಮರವೇ ಲೇಸು.

ಮೃಗಶಿರೆ ಮಳೆ ಹಿಡಿದ ಮೇಲೆ, ಹೂವು ಮುಗಿದು ಹೊಸ ಬೇರಿನ ಹಸಿರು ತುದಿಗಳು ಕಾಣಿಸಿಕೊಳ್ಳುವಾಗ ಕಟ್ಟುವುದು ಯುಕ್ತ. ಎದೆಯೆತ್ತರಕ್ಕಿಂತ ಮೇಲೆ, ಕಾಂಡದ ಪೂರ್ವ ಅಥವಾ ಉತ್ತರದ ಮಗ್ಗುಲಲ್ಲಿ, ಗಿಡವು ಸ್ವಲ್ಪ ಹೊರಕ್ಕೆ ವಾಲಿರುವಂತೆ ಇಟ್ಟು, ಬೇರುಗಳನ್ನು ತೊಗಟೆಯ ಮೇಲೆ ಹರಡಿ, ತೆಳುವಾಗಿ ತೆಂಗಿನ ನಾರನ್ನು ಹೊದಿಸಿ ಹತ್ತಿಯ ಅಥವಾ ಸೆಣಬಿನ ಹುರಿಯಿಂದ ಬಿಗಿಯಬೇಕು. ತಂತಿಯನ್ನು ಬಳಸಬಾರದು. ನಾರು ದಪ್ಪವಾದರೆ ಆಗುಂಬೆ, ನಗರದ ಸೀಮೆಯ ಮಳೆಯಲ್ಲಿ ಮತ್ತೆ ಕೊಳೆತವೇ ಗತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದೆಂಬುದನ್ನು ನೆನೆಯಬೇಕು. ಆನಂದಪುರದ ಕಡೆಯ ಕಡಮೆ ಮಳೆಯ ಊರುಗಳಲ್ಲಿ ನಾರು ತುಸು ಹೆಚ್ಚಾದರೂ ಚಿಂತೆಯಿಲ್ಲ. ಅಲ್ಲಿ ಬೇಸಗೆಯಲ್ಲಿ ವಾರಕ್ಕೆ ಎರಡು ಮೂರು ಬಾರಿ ಬೆಳಗಿನ ಹೊತ್ತು ನೀರು ಚಿಮುಕಿಸುವುದು ಅವಶ್ಯ. ಬೇರುಗಳು ಮರವನ್ನು ತಾವೇ ಹಿಡಿಯಲು ಒಂದು ಮಳೆಗಾಲ ಬೇಕು. ಆ ಅವಧಿಯಲ್ಲಿ ಬಸವನಹುಳುಗಳು ಎಳೆಯ ಬೇರಿನ ತುದಿಯನ್ನು ತಿನ್ನದಂತೆ ರಾತ್ರಿ ಒಮ್ಮೆ ದೀಪ ಹಿಡಿದು ನೋಡಿ ಹೆಕ್ಕಿ ತೆಗೆಯಬೇಕು.

ನೆರಳೆಂದರೆ ಕತ್ತಲೆಯಲ್ಲ. ಕಡುಹಸಿರಾದ ಉದ್ದನೆಯ ಎಲೆಗಳಷ್ಟೇ ಬಂದು ಹೂವು ಬಾರದಿದ್ದರೆ ಬೆಳಕು ಸಾಲದೆಂದು ತಿಳಿಯಬೇಕು. ಎಲೆಯು ಹಳದಿಗೆ ತಿರುಗಿದರೆ ಬಿಸಿಲು ಅತಿಯಾಯಿತೆಂದರ್ಥ. ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಗಿನ ಬಿಸಿಲೇ ಇದಕ್ಕೆ ಸರಿಯಾದ ಹದ.

ಇನ್ನು ಗಿಡವನ್ನು ಎಲ್ಲಿಂದ ತರುವುದು? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಸೀತಾಳೆಯು ಸಾಮಾನ್ಯವಾಗಿ ಒಂದೇ ಕಾಂಡದಿಂದ ಬೆಳೆಯುವುದರಿಂದ ಗಡ್ಡೆಯಂತೆ ಒಡೆದು ಹಂಚಲಾಗದು. ಬೀಜವೋ ಧೂಳಿನಷ್ಟು ಸೂಕ್ಷ್ಮ. ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವೇ ಇಲ್ಲ. ನಿರ್ದಿಷ್ಟ ಜಾತಿಯ ಶಿಲೀಂಧ್ರದ ನೆರವಿಲ್ಲದೆ ಆರ್ಕಿಡ್ ಬೀಜವು ಸಹಜವಾಗಿ ಮೊಳೆಯದೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರ ಸುಮಾರಿನಲ್ಲಿ ಕಂಡುಕೊಂಡನು. ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೂ ಮೊಳೆಯಿಸಬಹುದೆಂದು 1922ರಲ್ಲಿ ಅಮೆರಿಕದ ನಡ್ಸನ್ ತೋರಿಸಿದನು. ಅದು ಪ್ರಯೋಗಾಲಯದ ಕೆಲಸ, ಮನೆಯ ಕೆಲಸವಲ್ಲ. ಹೀಗಾಗಿ ಕಾಡಿನಿಂದ ಕಿತ್ತು ತಂದ ಪ್ರತಿಯೊಂದು ಗಿಡವೂ ಕಾಡಿನ ಲೆಕ್ಕದಲ್ಲಿ ಬಹುಕಾಲ ತುಂಬಲಾಗದ ನಷ್ಟ. ಮೀಸಲು ಅರಣ್ಯದಿಂದ ತರುವುದು ಕಾಯಿದೆಯ ರೀತ್ಯಾ ಅಪರಾಧವೂ ಹೌದು. ಮಂಗನ ಕಾಯಿಲೆಯ ಉಣುಗುಗಳಿರುವ ತಿಂಗಳುಗಳಲ್ಲಿ ಹೂವಿನಾಸೆಗೆ ಕಾಡು ಹೊಗುವುದು ವಿವೇಕವೂ ಅಲ್ಲ.

ಆದರೆ ಕಾಡಿಗೆ ಹೋಗದೆಯೇ ಗಿಡ ಸಿಕ್ಕುವ ಒಂದು ದಾರಿ ನಮ್ಮ ಮೂರು ತಾಲ್ಲೂಕುಗಳಲ್ಲಿ ಉಂಟು. ಅಡಿಕೆ ತೋಟವುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸೊಪ್ಪಿನ ಬೆಟ್ಟಗಳಿವೆ. ಅಲ್ಲಿ ಪ್ರತಿವರ್ಷವೂ ಸೊಪ್ಪು ಕಡಿಯುವಾಗ ಕೊಂಬೆಯ ಸಂಗಡ ಸೀತಾಳೆಗಳೂ ನೆಲಕ್ಕೆ ಬೀಳುತ್ತವೆ, ಬಿದ್ದಲ್ಲಿಯೇ ಒಣಗುತ್ತವೆ. ರಸ್ತೆ ಅಗಲಿಸುವಾಗಲೂ ಇದೇ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ಮುಳುಗಿದಾಗ ಎಷ್ಟು ಮರಗಳೊಡನೆ ಎಷ್ಟು ಗಿಡಗಳು ನೀರು ಪಾಲಾದವೋ ಎಣಿಸಿದವರಿಲ್ಲ. ಅನಂತರ ಬೋಳುಗುಡ್ಡಗಳ ಮೇಲೆ ಎದ್ದ ಅಕೇಶಿಯಾ ನೆಡುತೋಪುಗಳು ಆ ಹಳೆಯ ಮರಗಳ ಸ್ಥಾನವನ್ನು ತುಂಬಲಾರವು. ಸೊಪ್ಪು ಕಡಿಯುವ ಆಳುಗಳಿಗೆ ಮೊದಲೇ ಹೇಳಿಟ್ಟು, ಬಿದ್ದ ಗಿಡಗಳನ್ನು ಬೇರು ಹರಿಯದಂತೆ ತೊಗಟೆಯ ಚೂರಿನೊಡನೆಯೇ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದರೆ ಎರಡು ಮೂರು ದಿನ ಕೆಡುವುದಿಲ್ಲ. ಹೀಗೆ ತಂದವುಗಳನ್ನು ಶಾಲೆಯ ಆವರಣದ ಮರಗಳಿಗೂ ಕಟ್ಟಬಹುದು. ವಿಜ್ಞಾನದ ಉಪಾಧ್ಯಾಯರಿಗೆ ಬಂದಳಿಕೆಗೂ ಇದಕ್ಕೂ ಇರುವ ಭೇದವನ್ನು ಮಕ್ಕಳ ಕಣ್ಣಿಗೇ ತೋರಿಸಲು ಅದು ಅನುಕೂಲ.

ಸ್ಥಳ ಬದಲಾದ ಗಿಡವು ಮರುವರ್ಷವೇ ಹೂ ಬಿಡದಿದ್ದರೆ ಬೇಸರಪಡಬಾರದು. ಎರಡು ಮೂರು ವರ್ಷ ತಡೆಯುವುದುಂಟು. ಹೂವು ಬಂದಾಗ ಎಲ್ಲ ಗೊಂಚಲುಗಳನ್ನೂ ಮುಡಿಯಲು ಕೊಯ್ಯದೆ ಒಂದನ್ನಾದರೂ ಮರದಲ್ಲಿಯೇ ಬಿಡಬೇಕು. ಕಾಯಿ ಕಟ್ಟಿದರೆ ಅದು ಹಲವು ತಿಂಗಳ ಅನಂತರ ಬಲಿತು ಬಿರಿಯುತ್ತದೆ. ಒಳಗಿನ ಧೂಳು ಗಾಳಿಗೆ ಹಾರಿ ನೆರೆಯ ಮರಗಳ ತೊಗಟೆಯ ಬಿರುಕುಗಳನ್ನು ಸೇರುತ್ತದೆ.