ಉಕ್ಕಿನ ಕವಚದೊಳಗಿನ ಹೆಸರು: ‘ರೋಬೊಕಾಪ್’ ಚಿತ್ರದ ಒಂದು ದೈವಶಾಸ್ತ್ರೀಯ ಓದು

1987ರಲ್ಲಿ ತೆರೆಕಂಡ ‘ರೋಬೊಕಾಪ್’ ಚಿತ್ರವನ್ನು ಹಿಂಸೆಯ ವೈಭವೀಕರಣವೆಂದು ಬದಿಗಿಡುವುದು ಸುಲಭ. ಅದರಲ್ಲಿ ರಕ್ತಪಾತ ಧಾರಾಳವಾಗಿದೆ. ಎಳೆಯರಿಗೆ ಅದು ತಕ್ಕುದಲ್ಲ. ಆದರೂ ಅದರ ನಿರ್ದೇಶಕ, ನೆದರ್‌ಲ್ಯಾಂಡ್ಸ್ ಮೂಲದ ಪಾಲ್ ವರ್ಹೂವನ್, ತಮ್ಮ ನಾಯಕನನ್ನು ಅಮೆರಿಕದ ಯೇಸುವೆಂದು ಬಣ್ಣಿಸಿದ್ದಾರೆ. ಈ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಕಥೆ ಮುಂಬರುವ ಕಾಲದ ಡೆಟ್ರಾಯಿಟ್ ನಗರದ್ದು. ಅಲ್ಲಿ ಪೊಲೀಸ್ ವ್ಯವಸ್ಥೆಯನ್ನೇ ಒಂದು ವಾಣಿಜ್ಯ ಸಂಸ್ಥೆ ನಡೆಸುತ್ತಿದೆ. ಮರ್ಫಿ ಎಂಬ ಪೊಲೀಸನನ್ನು ದುಷ್ಕರ್ಮಿಗಳು ಮೊದಲು ಕೈಗೆ ಗುಂಡಿಕ್ಕಿ, ಅಣಕಿಸಿ, ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ. ಸಂಸ್ಥೆಯು ಅವನ ದೇಹದ ಉಳಿಕೆಯನ್ನು ಯಂತ್ರಕ್ಕೆ ಜೋಡಿಸಿ, ನೆನಪನ್ನು ಅಳಿಸಿ, ಕಾವಲಿಗೆ ನಿಲ್ಲಿಸುತ್ತದೆ.

ಚಿತ್ರದ ಅತ್ಯಂತ ಭೀಕರ ಹಿಂಸೆ ಗುಂಡಿನದಲ್ಲ. ವೈದ್ಯರು ಮರ್ಫಿಯ ಎಡತೋಳನ್ನು ಉಳಿಸಿಕೊಂಡಿರುತ್ತಾರೆ. ಅಧಿಕಾರಿಯೊಬ್ಬ ಅದನ್ನೂ ತೆಗೆದುಹಾಕುವಂತೆ ಆಜ್ಞಾಪಿಸುತ್ತಾನೆ. ಕಾರಣ ಸರಳ: ಕೆಲಸಕ್ಕೆ ಸೇರುವಾಗ ಮರ್ಫಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದಾನೆ, ಮೇಲಾಗಿ ಕಾನೂನಿನ ಕಣ್ಣಿನಲ್ಲಿ ಆತ ಮೃತ. ದೇಹವೆಂಬುದು ಇಲ್ಲಿ ಸಂಸ್ಥೆಯ ಸೊತ್ತು. ಆದರೆ ಆತ್ಮವೇ ದೇಹದ ಸ್ವರೂಪವೆಂದು 1312ರಲ್ಲಿ ವಿಯೆನ್ ಮಹಾಸಭೆ ಬೋಧಿಸಿತು. ಆದ್ದರಿಂದ ದೇಹವು ನಾವು ತೊಡುವ ಉಡುಪಲ್ಲ. ಅದನ್ನು ಮುಟ್ಟಿದವನು ವ್ಯಕ್ತಿಯನ್ನೇ ಮುಟ್ಟುತ್ತಾನೆ. ದುಡಿಮೆ ಮಾನವನಿಗಾಗಿಯೇ ಹೊರತು ಮಾನವ ದುಡಿಮೆಗಾಗಿ ಅಲ್ಲವೆಂದು ಜಗದ್ಗುರು ಎರಡನೇ ಜಾನ್ ಪೌಲರು 1981ರ ‘ಲಾಬೋರೆಮ್ ಎಕ್ಸೆರ್ಸೆನ್ಸ್’ ವಿಶ್ವಪರಿಪತ್ರದಲ್ಲಿ ಹೇಳಿದ್ದು ಈ ಅಪಾಯವನ್ನು ಮನಗಂಡೇ.

ಮರ್ಫಿಯನ್ನು ಮೊದಲು ಗುರುತಿಸುವವಳು ಸಹೋದ್ಯೋಗಿ ಲೂಯಿಸ್. ಪಿಸ್ತೂಲನ್ನು ಬೆರಳಲ್ಲಿ ತಿರುಗಿಸುವ ಅವನ ಹಳೆಯ ಅಭ್ಯಾಸವನ್ನು ಕಂಡು ಆಕೆ ಹೆಸರಿಡಿದು ಮಾತನಾಡಿಸುತ್ತಾಳೆ. ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಪುನರುತ್ಥಾನಿ ಪ್ರಭು ಮರಿಯಳನ್ನು ಹೆಸರಿಡಿದು ಕರೆಯುತ್ತಾರೆ. ಇಲ್ಲಿ ಕರೆ ಅದಲುಬದಲಾಗಿದೆ. ಅಳಿಸಿಹೋದ ನೆನಪು ಆ ಕರೆಯಿಂದ ಮತ್ತಷ್ಟು ಮಿಸುಕುತ್ತದೆ.

ಹೋಲಿಕೆ ಮುರಿಯುವುದು ಕೊನೆಯಲ್ಲಿ. ಉಕ್ಕಿನ ಕಾರ್ಖಾನೆಯಲ್ಲಿ ಮರ್ಫಿ ನೀರಿನ ಮೇಲೆ ನಡೆದಂತೆ ತೋರುತ್ತಾನೆ. ಆದರೆ ತನ್ನ ಕೊಲೆಗಾರನನ್ನು ಬಂಧಿಸಲು ಒಲ್ಲದೆ ಕೊಲ್ಲುತ್ತಾನೆ. ಕ್ರಿಸ್ತರ ಗಾಯಗಳು ಶಾಂತಿಯ ಗುರುತು, ಮರ್ಫಿಯ ಗಾಯಗಳು ಸೇಡಿನ ನೆಪ. ಅವನ ಬಿಡುಗಡೆಯೂ ಅಪೂರ್ಣ: ಸಂಸ್ಥೆಯ ಹಿರಿಯ ಅಧಿಕಾರಿಗಳನ್ನು ಮುಟ್ಟಬಾರದೆಂಬ ಗುಪ್ತ ನಾಲ್ಕನೆಯ ಆಜ್ಞೆಯನ್ನು ಅವನು ಮೀರಲಾರ. ಅಧ್ಯಕ್ಷನು ಆ ಅಪರಾಧಿ ಅಧಿಕಾರಿಯನ್ನು ಕೆಲಸದಿಂದ ವಜಾಮಾಡಿದ ಮೇಲಷ್ಟೇ ಅವನ ಕೈ ಏಳುತ್ತದೆ. ಪಿತನಿಂದ ಎಬ್ಬಿಸಲ್ಪಟ್ಟವರು ಯಾರ ಸೊತ್ತೂ ಅಲ್ಲ. ಮರ್ಫಿಯಾದರೋ ಮರಳಿ ಉಸಿರಾಡಿದ್ದಾನೆ, ಪುನರುತ್ಥಾನಗೊಂಡಿಲ್ಲ. ಆದರೂ ಹೆಸರು ಕೇಳಿದಾಗ ‘ಮರ್ಫಿ’ ಎಂದೇ ಉತ್ತರಿಸುತ್ತಾನೆ. ಚಿತ್ರದ ನಿಜವಾದ ಗೆಲುವು ಅದು.

ನಮ್ಮ ಪಾಲನಾಸೇವೆಗೂ ಇದರಲ್ಲಿ ಪಾಠವಿದೆ. ಕೋಡಿಂಬಾಳ, ಕಡಬದ ಆಸುಪಾಸಿನಲ್ಲಿ ನಸುಕಿಗೇ ರಬ್ಬರ್ ಟ್ಯಾಪಿಂಗಿಗೆ ಹೊರಡುವವರಿದ್ದಾರೆ. ಕರಾರಿಗೆ ಸಹಿ ಹಾಕಿ ದೂರದೇಶಕ್ಕೆ ದುಡಿಯಲು ಹೋದವರಿದ್ದಾರೆ. ಅವರನ್ನು ದಿನಗೂಲಿಯ ಲೆಕ್ಕವಾಗಿ, ಗುರುತುಚೀಟಿಯ ಸಂಖ್ಯೆಯಾಗಿ ಕಾಣುವ ಲೋಕದಲ್ಲಿ, ಸ್ನಾನದೀಕ್ಷೆಯ ತೊಟ್ಟಿಯ ಬಳಿ ಹೆಸರಿಡಿದು ಕರೆಯುವ ಧರ್ಮಸಭೆ ಆ ಹೆಸರನ್ನು ಅನಂತರವೂ ಮರೆಯಕೂಡದು. ಗುರುಗಳಾದ ನಾವು, ಗುರುಗಳಾಗಲಿರುವವರು, ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ದುಡಿಮೆಗಾರರನ್ನು ಹೆಸರಿನಿಂದ ಬಲ್ಲೆವೆಂದು ಎಣಿಸಿ ನೋಡುವುದು ಒಳಿತು.